ಸವಣೂರಿನಲ್ಲಿ ತೆರೆಸಿದ ಕಣ್ಣುಗಳು

ಸೋಮವಾರ, ಪುಷ್ಯದ ಚಳಿ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಹಾನಗಲ್ಲಿನ ನನ್ನ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಹಿರೇಕೆರೂರಿನ ಗಿರಿಜವ್ವ ಮತ್ತು ಕಾಲೇಜಿನಲ್ಲಿ ಛಾಯಾಗ್ರಹಣ ಕಲಿಯುತ್ತಿರುವ ಆಕೆಯ ಮಗಳು ಸಹನಾ.

ಹೀಗೆ ಶುರು ಮಾಡುವುದು ನಮ್ಮ ಬಸಪ್ಪ ಮಾಸ್ತರರು ಹಾಕಿಕೊಟ್ಟ ರೂಢಿ. ಹಾನಗಲ್ಲಿನ ಅವರ ಸ್ಟುಡಿಯೋದಲ್ಲಿ ನಾನು ಕೆಲಸ ಕಲಿತೆ, ಅವರು ಹೋದ ಮೇಲೆ ಅದನ್ನೇ ನಡೆಸಿದೆ, ಈಗ ಬಾಗಿಲು ಹಾಕಿ ಮನೆಯಲ್ಲಿದ್ದೇನೆ. ಮೊದಲು ವಾರ, ವೇಳೆ, ಎದುರಿಗಿದ್ದವರು. ಉಳಿದದ್ದು ಆಮೇಲೆ ಎನ್ನುತ್ತಿದ್ದರು ಅವರು. ಇಂದು ಕಂಡದ್ದರಿಂದ ನನ್ನ ಮನಸ್ಸು ಇನ್ನೂ ನೆಲೆಗೆ ಬಂದಿಲ್ಲ. ಅದಕ್ಕೇ ರೂಢಿಯನ್ನು ಗಟ್ಟಿಯಾಗಿ ಹಿಡಿದು ಬರೆಯುತ್ತಿದ್ದೇನೆ. ಕ್ಯಾಮೆರಾ ಹಿಡಿಯಲು ಹೊರಟ ಹುಡುಗ ಹುಡುಗಿಯರಿಗೆ ಉಪಯೋಗವಾದರೆ ಆಗಲಿ.

ಸಹನಾ ಮೊದಲು ಬಂದದ್ದು ಹಿಂದಿನ ತಿಂಗಳು. ವಿದ್ಯಾರ್ಥಿಗಳು ಅಭ್ಯಾಸ ಮಾಡಲೇಬೇಕಾದ ಛಾಯಾಗ್ರಾಹಕರ ಮೇಲೆ ಒಂದು ಪ್ರಬಂಧ ಬರೆಯಬೇಕಂತೆ. ಮೊಬೈಲಿನಲ್ಲಿ ಹೆಸರುಗಳನ್ನು ತೋರಿಸಿದಳು. ಎಲ್ಲ ಸಮುದ್ರದಾಚೆಯವರು, ಇಲ್ಲವೇ ದಿಲ್ಲಿ ಮುಂಬಯಿಯವರು. ಅವರನ್ನು ನೋಡಬಾರದು ಎಂದು ನಾನು ಹೇಳಲಿಲ್ಲ. ನೋಡಲೇಬೇಕು. ಆದರೆ ನಿಮ್ಮ ಮನೆಯ ಗೋಡೆಯ ಮೇಲಿನ ಫೋಟೋ ಯಾರು ತೆಗೆದದ್ದು ಎಂದು ಕೇಳಿದರೆ ಆಕೆಗೆ ಗೊತ್ತಿರಲಿಲ್ಲ. ಆಗ ಮೂರು ಹೆಸರು ಕೊಟ್ಟು, ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಮನೆಗಳಲ್ಲಿ ಇವರ ಕೆಲಸ ಹುಡುಕಿಕೊಂಡು ಬಾ ಎಂದೆ.

ಶಿಗ್ಗಾಂವಿಯ ವಿರೂಪಾಕ್ಷಪ್ಪನವರು ಸಂತೆಯ ಫೋಟೋಗ್ರಾಫರ್. ಹುಣಸೆಗಿಡದ ಕೆಳಗೆ ಪರದೆ ಕಟ್ಟಿ ಸ್ಟೂಲು ಹಾಕುತ್ತಿದ್ದರು. ನಮ್ಮ ಜನ ಸ್ಟೂಲಿನ ಮೇಲೆ ಕುಳಿತ ಕೂಡಲೇ ಕಲ್ಲಾಗುತ್ತಾರೆ. ವಿರೂಪಾಕ್ಷಪ್ಪನವರು ಕ್ಯಾಮೆರಾದ ಹಿಂದಿನಿಂದ, "ಚೀಲದಾಗ ಏನೈತ್ರಿ? ಬದನಿಕಾಯೇನು? ಏನ್ ಧಾರಣಿ ಕೊಟ್ರಿ?" ಎಂದು ಕೇಳುವರು. ಕುಳಿತವರು ಕೊಟ್ಟ ಬೆಲೆ ಹೇಳುವುದೇ ತಡ, "ಮೋಸ ಹೋದ್ರಿ ಬಿಡ್ರಿ, ಆ ಕಡಿ ಸಾಲಿನ್ಯಾಗ ಅರ್ಧಕ್ಕ ಕೊಡಾಕತ್ತಾರ" ಎನ್ನುವರು. ಆ ಗಳಿಗೆಯ ಮುಖವೇ ಫೋಟೋ. ಅವರ ಚಿತ್ರಗಳಲ್ಲಿ ನಮ್ಮ ಸೀಮೆಯ ಹಿರಿಯರು ಇಂದಿಗೂ ಹುಬ್ಬೇರಿಸಿ, ಬಾಯಿ ಅರೆತೆರೆದು ನೋಡುತ್ತಿದ್ದಾರೆ. ಒಬ್ಬ ಯಜಮಾನರಂತೂ ಸ್ಟೂಲಿನಿಂದ ಎದ್ದು ಬದನೆಕಾಯಿಯವನ ಮೇಲೆ ಜಗಳಕ್ಕೇ ಹೋದರು. ಫೋಟೋದಲ್ಲಿ ಬಂದದ್ದು ಧೋತರದ ಚುಂಗು ಮಾತ್ರ.

ಹಿರೇಕೆರೂರಿನ ಫಕ್ಕೀರಪ್ಪನದು ಎತ್ತು ಎಮ್ಮೆಗಳ ಫೋಟೋ. ದನಕ್ಕೆ ವಿಮೆ ಮಾಡಿಸಲು ಫೋಟೋ ಬೇಕಾಗಿದ್ದ ಕಾಲ. ಉಳಿದವರು ದೂರ ನಿಂತು ಎತ್ತು ಬಂದರೆ ಸಾಕು ಎಂದು ತೆಗೆಯುತ್ತಿದ್ದರು. ಈತ ಸಗಣಿಯಲ್ಲಿ ಮಂಡಿಯೂರಿ, ಮೊದಲು ಮಾಲೀಕನನ್ನು "ಸುಳಿ ಎಲ್ಲೈತಿ?" ಎಂದು ಕೇಳುತ್ತಿದ್ದ. ರೈತನಿಗೆ ಎತ್ತಿನ ಗುರುತು ಕೊಂಬಲ್ಲ, ಬಣ್ಣವಲ್ಲ, ಮೈಮೇಲಿನ ಕೂದಲ ಸುಳಿ. ಆ ಸುಳಿಯ ಮೇಲೆ ಬೆಳಕು ಬೀಳುವ ತನಕ ಫಕ್ಕೀರಪ್ಪ ಕಾಯುತ್ತಿದ್ದ. ಕಾಯುತ್ತ ಎರಡು ಸಲ ಒದೆಸಿಕೊಂಡ. ಯಾರ ಫೋಟೋ ತೆಗೆದರೂ, ಅವರನ್ನು ದಿನವೂ ನೋಡುವವರು ಯಾವುದರಿಂದ ಗುರುತು ಹಿಡಿಯುತ್ತಾರೆ ಎಂಬುದನ್ನು ಕೇಳಿಕೊಳ್ಳಬೇಕು. ಇದನ್ನು ನಾನು ಆತನಿಂದ ಕಲಿತೆ.

ಮೂರನೆಯವರು ನಮ್ಮ ಮಾಸ್ತರರು. ಅವರ ಹೆಸರು ಉಳಿದಿರುವುದು ಸತ್ತವರ ಫೋಟೋಗಳಿಂದ. ನಮ್ಮ ಕಡೆ ಮನೆಯಲ್ಲಿ ಸಾವಾದರೆ ಹೆಣವನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕುಳ್ಳಿರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸುತ್ತಾರೆ. ಬದುಕಿದ್ದಾಗ ಒಂದೂ ಫೋಟೋ ತೆಗೆಸಿಕೊಳ್ಳದವರೇ ಹೆಚ್ಚಾಗಿದ್ದ ದಿನಗಳಲ್ಲಿ ಆ ಹೊತ್ತಿಗೆ ಫೋಟೋಗ್ರಾಫರ್‌ಗೆ ಕರೆ ಬರುತ್ತಿತ್ತು. ನಾನು ಮೊದಲ ಸಲ ಹೋದಾಗ ಆಸರೆಗಿಟ್ಟ ದಿಂಬನ್ನು ಸರಿಪಡಿಸಲು ಬಗ್ಗಿದೆ. ದಿಂಬು ಜಾರಿತು. ತೀರಿಹೋಗಿದ್ದ ಯಜಮಾನರು ವಾಲಿ ಬಂದು ನನ್ನ ಹೆಗಲ ಮೇಲೆ ತಲೆಯಿಟ್ಟರು. ಮಾಸ್ತರರು ಶಾಂತವಾಗಿ, "ಹಂಗ ಹಿಡಕೊಂಡ ನಿಂದ್ರು, ದಿಂಬು ತರ್ತೇನಿ" ಎಂದರು. ಹೊರಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ಅಳೋರನ್ನ ಸರಸಬ್ಯಾಡ. ಬೆಳಕ ಸರಸು." ಬಿಳಿ ಧೋತರವನ್ನು ಚೌಕಟ್ಟಿಗೆ ಕಟ್ಟಿ ಅವರು ಕಿಟಕಿಯ ಬೆಳಕನ್ನು ಮುಖಕ್ಕೆ ತಿರುಗಿಸುತ್ತಿದ್ದರು.

ಆದರೆ ಕಣ್ಣು ಮುಚ್ಚಿದ ಫೋಟೋವನ್ನು ದೇವರ ಗೋಡೆಯ ಮೇಲೆ ಹಾಕಲು ಯಾರಿಗೂ ಮನಸ್ಸಿರುತ್ತಿರಲಿಲ್ಲ. "ಕಣ್ಣು ತೆರೆಸಿ ಕೊಡ್ರಿ" ಎನ್ನುತ್ತಿದ್ದರು. ಪ್ರಿಂಟಿನ ಮೇಲೆ ಕಣ್ಣು ಬರೆದು, ಅದರ ಫೋಟೋ ಮತ್ತೆ ತೆಗೆದು ಹೊಸ ಪ್ರಿಂಟು ಮಾಡುವ ಕೆಲಸ ಅದು. ಸಾವಿನ ಮನೆಯ ಕರೆ ವಿರೂಪಾಕ್ಷಪ್ಪನವರಿಗೂ ಫಕ್ಕೀರಪ್ಪನಿಗೂ ಬರುತ್ತಿತ್ತು. ಅವರೂ ಸೇರಿ ನಾಲ್ಕೂ ತಾಲೂಕಿನ ಸ್ಟುಡಿಯೋಗಳವರು ಇದಕ್ಕಾಗಿ ಸವಣೂರಿನ ಗೌಸುಸಾಬರಿಗೆ ಪ್ರಿಂಟು ಕಳಿಸುತ್ತಿದ್ದರು. ಹಾನಗಲ್ಲಿನಿಂದ ಪಾರ್ಸಲ್ ಒಯ್ಯುತ್ತಿದ್ದವನು ನಾನು. ಗೌಸುಸಾಬರು ಮುಂದಿನ ಕಟ್ಟೆಯಲ್ಲಿ ತೆಗೆದುಕೊಂಡು, "ಮುಂದಿನ ಗುರುವಾರ ಬಾ" ಎನ್ನುವರು. ಗುರುವಾರ ಹೋದರೆ ಸತ್ತವರು ಕಣ್ಣು ಬಿಟ್ಟಿರುತ್ತಿದ್ದರು. ಅಂಗಡಿಯ ಹಿಂದೆ ಒಂದು ಹಸಿರು ಪರದೆ ಇತ್ತು. ಅದರಾಚೆ ಏನಿದೆ ಎಂದು ನಾನು ಕೇಳಿದವನಲ್ಲ.

ಇನ್ನು ಇಂದಿನ ವಿಷಯ. ಸಹನಾ ಮನೆ ಮನೆ ತಿರುಗಿ, ಗೋಡೆಯ ಮೇಲಿನ ಫೋಟೋಗಳನ್ನು ಮೊಬೈಲಿನಲ್ಲಿ ಹಿಡಿದು, ಪ್ರಿಂಟು ಹಾಕಿಸಿಕೊಂಡು ಬಂದಿದ್ದಳು. ಗಿರಿಜವ್ವ ಬಂದದ್ದು ಬೇರೆ ಕಾರಣಕ್ಕೆ. ಆಕೆಯ ತವರು ಅಕ್ಕಿಆಲೂರು. ತಾಯಿ ಹೋದಾಗ ಆಕೆಗೆ ಇನ್ನೂ ನಡೆಯಲು ಬರುತ್ತಿರಲಿಲ್ಲ. ತಂದೆ ಮತ್ತೊಂದು ಮದುವೆಯಾದರು, ಮೊದಲ ಹೆಂಡತಿಯ ಮಾತು ಎತ್ತಲಿಲ್ಲ. ತಾಯಿಯ ಮುಖ ಕಂಡವರು ಈಗ ಒಬ್ಬರೂ ಉಳಿದಿಲ್ಲ. ಉಳಿದದ್ದು ಒಂದೇ ಫೋಟೋ, ನಮ್ಮ ಮಾಸ್ತರರು ತೆಗೆದದ್ದು, ನಾನು ಕೆಲಸಕ್ಕೆ ಸೇರುವ ಮೊದಲಿನದು. ಗಂಡನ ಮನೆಗೆ ಹೋಗುವಾಗ ಗಿರಿಜವ್ವ ಅದನ್ನು ಸೀರೆಯಲ್ಲಿ ಸುತ್ತಿ ಒಯ್ದಿದ್ದಳು. ಅಮಾವಾಸ್ಯೆಗೆ ಅದರ ಮುಂದೆ ಎಡೆ ಇಡುತ್ತಾಳೆ, ಏನಾದರೂ ತೋಚದಿದ್ದರೆ ಅದರ ಮುಂದೆ ನಿಲ್ಲುತ್ತಾಳೆ.

"ಕಣ್ಣು ನೋಡಿದ್ರ ನನಗ ಗೊತ್ತಾಗತೈತ್ರಿ ಅಣ್ಣಾರ, ಹೂಂ ಅಂದ್ಲೋ ಬ್ಯಾಡ ಅಂದ್ಲೋ ಅಂತ," ಎಂದಳು. "ಇಕಿ ಕ್ಯಾಮೆರಾ ಕಲಿತೇನಿ ಅಂದಾಗೂ ಅವ್ವನ್ನ ಕೇಳೇ ಹೂಂ ಅಂದ್ನಿ."

"ಅಜ್ಜಿ ಇಲ್ಲ ಅಂದಿದ್ರ ನಾ ಬಿ.ಇಡಿ. ಮಾಡ್ಬೇಕಾಗಿತ್ರಿ ಕಾಕಾರ," ಎಂದಳು ಸಹನಾ.

ಹೋದ ತಿಂಗಳು ಸಹನಾ ಆ ಫೋಟೋವನ್ನು ಮೊಬೈಲಿಗೆ ಹಾಕಿ, ಅದು ಕಣ್ಣು ಪಿಳುಕಿಸುವ ಹಾಗೆ ಮಾಡಿದ್ದಳು. ಅದನ್ನು ನನಗೂ ತೋರಿಸಿದರು. ಸತ್ತವರ ಫೋಟೋಗಳನ್ನು ಬೇಕಾದಷ್ಟು ಕಂಡ ನಾನೂ ಮೊಬೈಲನ್ನು ದೂರ ಹಿಡಿದೆ. ಗಿರಿಜವ್ವನಿಗೆ ಮಾತ್ರ ಆನಂದ. ಸಹನಾಳ ಕಣ್ಣು ಥೇಟ್ ಅಜ್ಜಿಯ ಕಣ್ಣು ಎಂದು ಓಣಿಯವರೆಲ್ಲ ಅನ್ನುತ್ತಾರಂತೆ. ಈ ಫೋಟೋವನ್ನು ದೊಡ್ಡದು ಮಾಡಿಸಬೇಕು, ಒಳ್ಳೆಯ ಕಾಗದ ಯಾವುದು, ಇಷ್ಟನ್ನು ಕೇಳಲು ಆಕೆ ಬಂದಿದ್ದಳು.

ಸಹನಾ ಪ್ರಿಂಟುಗಳನ್ನು ಹೊರಸಿನ ಮೇಲೆ ಸಾಲಾಗಿ ಹರಡಿದಳು. ಒಂದು ಸಾಲು ಶಿಗ್ಗಾಂವಿಯದು, ಒಂದು ಸಾಲು ಹಿರೇಕೆರೂರಿನದು, ಒಂದು ನಮ್ಮದು. ಮೂವರ ರೀತಿಯನ್ನು ಹೋಲಿಸಬೇಕೆಂಬುದು ಆಕೆಯ ಯೋಚನೆ. ನಾನು ಕನ್ನಡಕ ಒರೆಸಿಕೊಂಡು ಬಗ್ಗಿದೆ.

ಮೊದಲು ಮಾತಾಡಿದವಳು ಗಿರಿಜವ್ವ. ಬಹಳ ಸಣ್ಣ ದನಿಯಲ್ಲಿ, "ಅಣ್ಣಾರ, ನಮ್ಮವ್ವನ ಕಣ್ಣು ಮಂದಿ ಮಾರಿ ಮ್ಯಾಲ ಯಾಕ ಅದಾವ?" ಎಂದಳು.

ನೋಡಿದೆ. ಶಿಗ್ಗಾಂವಿಯ ಒಬ್ಬ ಮುದುಕಿ, ಸವಣೂರಿನ ಒಬ್ಬ ವ್ಯಾಪಾರಿ, ರಟ್ಟೀಹಳ್ಳಿಯ ಮೀಸೆಯ ಗೌಡರು, ಹಾನಗಲ್ಲಿನ ಬಾಣಂತಿ. ಮೂಗು ಬೇರೆ, ಗದ್ದ ಬೇರೆ, ಜಾತಿ ಬೇರೆ. ಕಣ್ಣು ಒಂದೇ. ಒಂದು ಕಣ್ಣಿನ ರೆಪ್ಪೆ ತುಸು ಇಳಿದದ್ದು, ಕರಿಗುಡ್ಡೆಯ ಕೆಳಗೆ ಸಣ್ಣಗೆ ಬಿಳಿ ಕಾಣುವುದು, ಏನೋ ಕೇಳಿಸಿಕೊಳ್ಳುತ್ತಿರುವಂಥ ಆ ನೋಟ. ಇವುಗಳಲ್ಲಿ ಹಾನಗಲ್ಲಿನವು ನನ್ನ ಕೈಯಲ್ಲಿ ಹಾದು ಹೋದ ಪಾರ್ಸಲ್‌ಗಳೇ. ಆದರೆ ಒಂದೊಂದಾಗಿ ಹಾದು ಹೋಗಿದ್ದವು. ಒಟ್ಟಿಗೆ ಹರಡಿ ನೋಡಿದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

ಕಣ್ಣು ತೆರೆಸುವ ಪದ್ಧತಿಯನ್ನು ನಾನು ವಿವರಿಸಿದೆ. ಗಿರಿಜವ್ವನಿಗೆ ಅದು ಗೊತ್ತೇ ಇರಲಿಲ್ಲ. ತಾಯಿ ಬದುಕಿದ್ದಾಗ ತೆಗೆಸಿಕೊಂಡ ಫೋಟೋ ಎಂದೇ ನಂಬಿದ್ದಳು. ಗೋಡೆಯನ್ನು ನೋಡುತ್ತ ಕುಳಿತಳು.

"ಹಂಗಾದ್ರ ನಾ ಇಷ್ಟ ದಿನ ಯಾರಿಗೆ ಕೈ ಮುಗದ್ನಿ?"

"ಸವಣೂರಿಗೆ ಹೋಗೂಣು," ಎಂದೆ. "ಗೌಸುಸಾಬರು ಹೋಗಿ ವರ್ಷಗಳಾದ್ವು. ಮನ್ಯಾಗ ಯಾರರ ಇರ್ತಾರ. ಕೇಳೂಣು."

ಬಂಕಾಪುರದಲ್ಲಿ ಬಸ್ಸು ಬದಲಿಸಿದೆವು. ದಾರಿಯಲ್ಲಿ ಗಿರಿಜವ್ವ ಫೋಟೋ ಇದ್ದ ಚೀಲವನ್ನು ತೊಡೆಯ ಮೇಲಿನಿಂದ ತೆಗೆದು ಮಗಳ ಕೈಗೆ ಕೊಟ್ಟಿದ್ದಳು. ಅದನ್ನು ಕಂಡು ನನಗೆ ಇನ್ನಷ್ಟು ಕಸಿವಿಸಿಯಾಯಿತು.

ಸವಣೂರಿನಲ್ಲಿ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಮನೆ ಹಿಂದಿನ ಓಣಿಯಲ್ಲಿ. ಬಾಗಿಲು ತೆರೆದೇ ಇತ್ತು. ಅಂಗಳದ ಬಿಸಿಲಿನಲ್ಲಿ ಒಬ್ಬ ಮುದುಕಿ ವೀಳ್ಯದೆಲೆ ಒರೆಸಿ ಜೋಡಿಸುತ್ತಿದ್ದರು, ಗೌಸುಸಾಬರ ಹೆಂಡತಿ ಅಮೀನಾಬಿ. ಗಿರಿಜವ್ವ ಮುಂದೆ ಇದ್ದಳು. ನೆರಳು ಬಿದ್ದದ್ದಕ್ಕೆ ಮುದುಕಿ ತಲೆ ಎತ್ತಿದರು.

ಗಿರಿಜವ್ವ ಹೊಸ್ತಿಲ ಮೇಲೆ ಕುಸಿದು ಕುಳಿತಳು. ಒಂದು ಕಣ್ಣಿನ ರೆಪ್ಪೆ ತುಸು ಇಳಿದಿತ್ತು. ಕರಿಗುಡ್ಡೆಯ ಕೆಳಗೆ ಬಿಳಿ ಕಾಣುತ್ತಿತ್ತು. ಸುತ್ತಲೂ ಸುಕ್ಕು ತುಂಬಿದ್ದರೂ ಕಣ್ಣು ಅವೇ, ನಾಲ್ಕು ತಾಲೂಕಿನ ಗೋಡೆಗಳಿಂದ ನೋಡುತ್ತಿರುವ ಕಣ್ಣುಗಳು. ಅವು ಪಿಳುಕಿಸಿದವು.

"ಯಾಕವಾ, ದೆವ್ವ ಕಂಡಾಂಗ ಕುಂತಿ? ನೀರ್ ಬೇಕಾ?" ಎಂದರು ಅಮೀನಾಬಿ.

ನಾನು ನನ್ನ ಪರಿಚಯ ಹೇಳಿದೆ. ಆಕೆ ನಕ್ಕರು. "ಹಾನಗಲ್ಲ ಪಾರ್ಸಲ್ ನಾಗ್ಯಾ. ನಿನ್ನ ದನಿ ಆಗಿಂದ ಗೊತ್ತೈತಿ, ಮಾರಿ ಇವತ್ತ ನೋಡಾಕತ್ತೇನಿ. ಪರದೆ ಹಿಂದಿಂದ ಕೇಳ್ತಿದ್ನಿ. ಬಂದ ಕೂಡ್ಲೇ ಚಾ ಐತೇನು ಅಂತ ಕೇಳ್ತಿದ್ದಿ."

"ಚಾಚಿ, ಕಣ್ಣು ಬರೀತಿದ್ದೋರು ಗೌಸುಸಾಬ್ರು ಅಂತ..."

"ಅವ್ರಿಗೆ ಕೈ ನಡಗತಿತ್ತು. ಲೆಕ್ಕ ಛಲೋ ಮಾಡ್ತಿದ್ರು, ಮಾತು ಇನ್ನೂ ಛಲೋ ಆಡ್ತಿದ್ರು. ಬರದಾಕಿ ನಾನು."

ಸಹನಾ ಪ್ರಿಂಟುಗಳನ್ನು ಎಲೆಗಳ ಪಕ್ಕದಲ್ಲಿ ಇಟ್ಟಳು. ಅಮೀನಾಬಿ ಒಂದೊಂದನ್ನೇ ದೂರ ಹಿಡಿದು ನೋಡಿದರು. ಮುಚ್ಚಿಡುವ ಗುಟ್ಟೆಂದು ಆಕೆಗೆ ಅನ್ನಿಸಿದಂತೆ ಕಾಣಲಿಲ್ಲ.

"ಮುಚ್ಚಿದ ಕಣ್ಣು ತಂದ ಕೊಡ್ತಿದ್ರು. ತೆರದಾಗ ಹೆಂಗಿದ್ವು ಅಂತ ನನಗ ಯಾರ ಹೇಳಬೇಕು? ಹೊರಗ ಬಂದು ಕೇಳಾಕ ಬರಂಗಿಲ್ಲ. ಕೈಗನ್ನಡಿ ಇತ್ತು. ಅದರಾಗ ಕಾಣೋವು ಇವ. ಬರದ್ನಿ."

"ಗಂಡಸ್ರಿಗೂ?" ಎಂದಳು ಸಹನಾ.

"ಗಂಡಸ್ರಿಗೆ ಹುಬ್ಬು ದಪ್ಪ ಮಾಡ್ತಿದ್ನಿ."

ಆಕೆ ಅಲ್ಲಿಯೇ ಹೇಳಿಕೊಟ್ಟ ಒಂದು ಕ್ರಮವನ್ನು ಇಲ್ಲಿ ಬರೆದಿಡಬೇಕು. "ಮೊದಲ ಫೋಟೋದಾಗ ಮೂಗಿನ ನೆಳ್ಳು ಯಾ ಕಡಿ ಬಿದ್ದೈತಿ ನೋಡೋದು. ಕನ್ನಡ್ಯಾಗ ನನ್ನ ಮೂಗಿನ ನೆಳ್ಳೂ ಅದ ಕಡಿ ಬೀಳೂಹಂಗ ಕಿಟಕಿ ಮುಂದ ತಿರಗಿ ಕುಂದ್ರೋದು. ಆಮ್ಯಾಲ ಕುಂಚ. ಇಲ್ಲಂದ್ರ ಕಣ್ಣು ಬ್ಯಾರೆ ಮನಿಯಾವು ಆಗ್ತಾವ." ಮಾಸ್ತರರು ಧೋತರ ಹಿಡಿದು ತಿರುಗಿಸಿದ ಬೆಳಕನ್ನು ಈಕೆ ಪರದೆಯ ಹಿಂದೆ ಕುಳಿತು ಮೂಗಿನ ನೆರಳಿನಿಂದ ಓದಿಕೊಳ್ಳುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

ಗಿರಿಜವ್ವ ಅಷ್ಟು ಹೊತ್ತಿಗೆ ನೀರು ಕುಡಿದು ಚೇತರಿಸಿಕೊಂಡಿದ್ದಳು. ತನ್ನ ಫೋಟೋವನ್ನು ಆಕೆಯ ಮುಂದೆ ಹಿಡಿದಳು. "ಇದು ನಮ್ಮವ್ವ. ಇದಕ್ಕ ಎಡಿ ಹಿಡೀತೇನಿ. ಇದು ನೀವ ಆದ್ರ, ನಮ್ಮವ್ವ ಎಲ್ಲಿ?"

ಅಮೀನಾಬಿ ನಗಲಿಲ್ಲ. "ಕಣ್ಣಷ್ಟ ನಂದವ್ವಾ. ಬಾಯಿ ನೋಡು, ಹಣಿ ನೋಡು, ನಾ ಮುಟ್ಟಿಲ್ಲ."

"ನನ್ನ ಮಗಳ ಕಣ್ಣು ಅಜ್ಜಿ ಹಂಗ ಅಂತಾರ ಎಲ್ಲಾರೂ."

ಮುದುಕಿ ಸಹನಾಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದರು. "ಗೋಡಿ ಮ್ಯಾಲಿಂದು ನೋಡಿ ನೋಡಿ ಮಂದಿ ಹಂಗಂತಾರ. ನನ್ನ ಹಂಗ ಏನಿಲ್ಲ. ಇವು ಎಲ್ಲಿಂದ ಬಂದಾವೋ ಅಲ್ಲಾಗ ಗೊತ್ತು." ಆಮೇಲೆ ನನ್ನ ಕಡೆಗೆ ತಿರುಗಿ, "ನಾ ಬರದದ್ದು ಪ್ರಿಂಟಿನ ಮ್ಯಾಲ. ಫಿಲ್ಮು ನಿಮ್ಮ ಮಾಸ್ತರ ಹತ್ರ ಇರ್ತಿತ್ತಲ್ಲೋ. ಅದನ್ನ ಯಾರ ಮುಟ್ಯಾರ?" ಎಂದರು.

ಅದು ನನಗೆ ಹೊಳೆದಿರಲಿಲ್ಲ. ಹೊರಡುವಾಗ ಅಮೀನಾಬಿ ಗಿರಿಜವ್ವನ ಕೈಗೆ ಎಲೆಯ ಕಟ್ಟು ಕೊಟ್ಟು, "ಎಡಿ ಹಿಡಿದಿಯಂತಲ್ಲ, ಹೋಳಿಗಿ ಹಿಡಿದಿದ್ದೇನು?" ಎಂದು ಕೇಳಿದರು. ಹೌದೆಂದಾಗ, "ಅದಕ್ಕ ನನಗ ಸಕ್ರಿ ಕಾಯ್ಲೆ ಬಂದೈತಿ," ಎಂದರು. ಬೆಳಿಗ್ಗೆಯಿಂದ ಮೊದಲ ಸಲ ಗಿರಿಜವ್ವನ ಮುಖ ಸಡಿಲವಾಯಿತು.

ಬಸ್ಸಿನಲ್ಲಿ ಸಹನಾ ಕೇಳಿದಳು: "ಕ್ಯಾಮೆರಾ ಮುಟ್ಟದಾಕಿನ್ನ ಫೋಟೋಗ್ರಾಫರ್ ಅಂತ ಬರಿಬಹುದೇನ್ರಿ ಕಾಕಾರ?" ಪ್ರಬಂಧಕ್ಕೆ ಮೂರು ಹೆಸರು ಕೊಟ್ಟವನು ನಾನು. ಮೂವರೂ ತೆಗೆದ ಸತ್ತವರ ಫೋಟೋಗಳಲ್ಲಿ ಜನ ಮೊದಲು ನೋಡುತ್ತಿದ್ದುದು ನಾಲ್ಕನೆಯವಳ ಕಣ್ಣುಗಳನ್ನು. "ಬರಿ," ಎಂದೆ. "ಮೊದಲ ಹೆಸರು ಆಕಿದ ಬರಿ."

ಹಾನಗಲ್ಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮಾಸ್ತರರ ಫಿಲ್ಮುಗಳು ಊರಿನ ಹೆಸರಿನ ಪ್ರಕಾರ ತಗಡಿನ ಡಬ್ಬಿಗಳಲ್ಲಿ ಅಟ್ಟದ ಮೇಲಿವೆ. ಒಂದು ಮಳೆಗಾಲದಲ್ಲಿ ಹಂಚು ಸರಿದು ಕೆಲವು ಡಬ್ಬಿಗಳಿಗೆ ನೀರಿಳಿದಿತ್ತು. ಅವುಗಳಲ್ಲಿ ಫಿಲ್ಮಿಗೆ ಫಿಲ್ಮು ಅಂಟಿ ಹಪ್ಪಳದ ಅಟ್ಟಿಯಂತಾಗಿವೆ. ಅಕ್ಕಿಆಲೂರಿನ ಡಬ್ಬಿ ಅವುಗಳಿಗೆ ಒತ್ತಿಕೊಂಡೇ ಇತ್ತು. ಕೆಳಗಿನಿಂದ ಗಿರಿಜವ್ವ, "ಸಿಕ್ತೇನ್ರಿ?" ಎಂದು ಕೇಳುತ್ತಲೇ ಇದ್ದಳು. ಡಬ್ಬಿಯ ತಳದವು ಹಾಳಾಗಿದ್ದವು. ಮೇಲಿನವು ಒಣಗಿದ್ದವು. ಮಾಸ್ತರರು ಲಕೋಟೆಯ ಮೇಲೆ ಸತ್ತವರ ಹೆಸರನ್ನು ಬರೆಯುತ್ತಿರಲಿಲ್ಲ, ಮನೆತನದ ಹೆಸರು ಬರೆಯುತ್ತಿದ್ದರು. ಗಿರಿಜವ್ವನ ತವರಿನ ಹೆಸರು ಸಿಕ್ಕಿತು.

ಡಾರ್ಕ್‌ರೂಮಿನ ಔಷಧಿಗಳು ಎಂದೋ ಮುಗಿದಿವೆ. ಏನು ಮಾಡುವುದೆಂದು ನಾನು ಯೋಚಿಸುತ್ತಿರುವಾಗಲೇ ಸಹನಾ ತನ್ನ ಲ್ಯಾಪ್‌ಟಾಪಿನ ಪರದೆಯನ್ನು ಬೆಳ್ಳಗೆ ಮಾಡಿ, ಫಿಲ್ಮನ್ನು ಅದರ ಮುಂದೆ ಹಿಡಿದು ಮೊಬೈಲಿನಲ್ಲಿ ಕ್ಲಿಕ್ಕಿಸಿದಳು. ಫಿಲ್ಮಿನಲ್ಲಿ ಮುಖ ಕಪ್ಪು, ಕೂದಲು ಬಿಳಿ, ಏನೂ ತಿಳಿಯುವುದಿಲ್ಲ. ಕೆಂಪು ದೀಪದ ಕೆಳಗೆ ಕಾಗದದ ಮೇಲೆ ಮುಖ ಮೂಡುವುದನ್ನು ಕಾಯುವುದೇ ನಮ್ಮ ಕಸುಬಿನ ಅರ್ಧ ಸುಖವಾಗಿತ್ತು. ಇಲ್ಲಿ ಆಕೆ ಬೆರಳಿನಿಂದ ಒಂದು ಸಲ ಒತ್ತಿದಳು. ಕಪ್ಪೆಲ್ಲ ಬಿಳಿಯಾಗಿ ಮುಖ ಬಂದುಬಿಟ್ಟಿತು.

ಹೂವಿನ ದಂಡೆ, ವಿಭೂತಿ, ದೊಡ್ಡ ಕುಂಕುಮ. ಮುಚ್ಚಿದ ಕಣ್ಣು. ನಾನು ಹಿಂದೆ ಸರಿದೆ. ಅದು ಒಬ್ಬ ಹುಡುಗಿಯ ಮುಖ.

ಇಷ್ಟು ದಿನ ಆ ಫೋಟೋದಲ್ಲಿ ಕಂಡದ್ದು ಸಂಸಾರ ಮಾಡಿ ನುರಿತ ಹೆಂಗಸು. ಅಮೀನಾಬಿಯ ಕಣ್ಣು ಆ ಹುಡುಗಿಗೆ ಅಮೀನಾಬಿಯ ವಯಸ್ಸನ್ನೂ ಕೊಟ್ಟುಬಿಟ್ಟಿತ್ತು. ಕಣ್ಣು ಮುಚ್ಚಿದ ಈ ಮುಖದಲ್ಲಿ ಕೆನ್ನೆ ಇನ್ನೂ ದುಂಡಗಿದ್ದವು. ತುಟಿ ತುಸು ಮುಂದೆ ಬಂದು, ಬೈಸಿಕೊಂಡು ಮಲಗಿದ ಮಗುವಿನಂತಿತ್ತು. ಇಷ್ಟು ವರ್ಷ ಮುಖ ನೋಡುವುದೇ ಕೆಲಸವಾಗಿದ್ದ ನನಗೆ ಆ ಕೆನ್ನೆ, ಆ ತುಟಿ ಕಣ್ಣು ಬರೆದ ಫೋಟೋದಲ್ಲೂ ಇದ್ದವೆಂದು ಆಮೇಲೆ ಹೊಳೆಯಿತು. ಎದುರಿಗೇ ಇದ್ದವು, ಕಂಡಿರಲಿಲ್ಲ.

ಗಿರಿಜವ್ವ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಪ್ಪತ್ತೂ ಆಗಿದ್ದಿಲ್ಲ ಅಂತ ಒಮ್ಮೆ ಯಾರೋ ಅಂದಿದ್ರು," ಎಂದಳು. "ಫೋಟೋ ನೋಡಿ ನಾ ನಂಬಿದ್ದಿಲ್ಲ." ಮಗಳ ಕಡೆ ನೋಡಿದಳು. "ನಿನಗಿಂತ ಸಣ್ಣಾಕಿ ಅದಾಳ ಇಕಿ. ಇಕಿ ಮುಂದ ನಿಂತು ನಾನು, ಹೊಲದ ತಂಟೆ ಹೆಂಗ ಬಗೀಹರಸ್ಲಿ, ನಾದ್ನಿ ಲಗ್ನಕ್ಕ ಏನ್ ಕೊಡ್ಲಿ ಅಂತ ಕೇಳ್ತಿದ್ನಲ್ಲ. ಏನ್ ಹೇಳೀತು ಪಾಪ ಈ ಕೂಸು?"

ಸಹನಾ ಕಣ್ಣೊರೆಸಿಕೊಂಡು, "ಅವ್ವಾ, ಇದಕ್ಕೂ ಕಣ್ಣು ತೆರಸ್ಲೇನು? ಈಗ ಮೊಬೈಲ್‌ನ್ಯಾಗ ಮುಖ ನೋಡಿ ಅದ..." ಎಂದು ಕೈ ಚಾಚಿದಳು.

ಗಿರಿಜವ್ವ ಮೊಬೈಲನ್ನು ಎದೆಗೆ ಒತ್ತಿಕೊಂಡಳು. "ಬ್ಯಾಡ. ಮಲಕ್ಕೊಳ್ಳಿ ಬಿಡು. ಇಷ್ಟ ವರ್ಷ ಅಕಿಗೆ ಕಣ್ಣ ಮುಚ್ಚಾಕ ಬಿಟ್ಟಿಲ್ಲ ನಾವು."

ಪಕ್ಕದ ಡಿಜಿಟಲ್ ಅಂಗಡಿಯಲ್ಲಿ ಪ್ರಿಂಟು ಹಾಕಿಸಿದೆವು. ಅಂಗಡಿಯ ಹುಡುಗಿ ಎಂದಿನಂತೆ ಚರ್ಮ ನುಣುಪು ಮಾಡಲು ಹೊರಟಳು, ನಾನು ತಡೆದೆ. ಬೆಳಕು ಮಾತ್ರ ತುಸು ತಗ್ಗಿಸಿದೆ. ತಾಯಿ ಮಗಳನ್ನು ಹಿರೇಕೆರೂರಿನ ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ. ಫಿಲ್ಮಿನ ಮೇಲಿನ ಧೂಳನ್ನು ಒಂಟೆಗೂದಲಿನ ಬ್ರಷ್ಷಿನಿಂದ ತೆಗೆದು, ಹೊಸ ಬೆಣ್ಣೆಕಾಗದದಲ್ಲಿ ಸುತ್ತಿ, ಒಣಗಿದ ಬೇರೆ ಡಬ್ಬಿಗೆ ಹಾಕಿದೆ. ಅಂಟಿಕೊಂಡ ಫಿಲ್ಮುಗಳನ್ನು ಬಿಡಿಸಬಹುದೇ ನೋಡಲು ತಣ್ಣೀರಿನ ತಟ್ಟೆಯಲ್ಲಿ ನೆನೆ ಇಟ್ಟೆ. ಅಟ್ಟದ ಏಣಿ ತೆಗೆದು ಗೋಡೆಗೆ ನಿಲ್ಲಿಸಿದೆ.